ಐದನೆಯ ತಜ್ಞೆ

ಬಸ್ಸು ದಾವಣಗೆರೆಯ ಗದ್ದಲ ದಾಟಿ ಹರಿಹರದ ರಸ್ತೆಗೆ ಬೀಳುವ ಹೊತ್ತಿಗೆ ಸಿದ್ದೇಶ ತೊಡೆಯ ಮೇಲಿನ ಬ್ಯಾಗಿನ ಜಿಪ್ಪನ್ನು ನಾಲ್ಕನೆಯ ಸಲ ಎಳೆದು ನೋಡಿದ್ದ. ಒಳಗೆ ಮೂರು ಹಾಳೆ ಇದ್ದವು. ಓಡಿಹೋಗಲು ಅವಕ್ಕೇನು ಕಾಲಿರಲಿಲ್ಲ. ಪ್ರತಿ ಹಾಳೆಯ ಕೊನೆಯಲ್ಲೂ ಸಹಿಗೆಂದು ಬಿಟ್ಟ ಗೆರೆ ಖಾಲಿ ಇತ್ತು. ಯಶೋದಾ ಎಂಬ ಹೆಂಗಸು ಇವತ್ತು ಆ ಗೆರೆಗಳ ಮೇಲೆ ಸಹಿ ಹಾಕಿದರೆ ಶುಕ್ರವಾರ ಮಧ್ಯಾಹ್ನದೊಳಗೆ ಅವನು ಡಾಕ್ಟರ್ ಸಿದ್ದೇಶ. ಹಾಕದೆ, ಇದು ನಾನು ಬರೆದದ್ದಲ್ಲ ಎಂದು ಒಂದೇ ಒಂದು ಮಾತು ಅಂದುಬಿಟ್ಟರೆ ಏಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದು ಅವಳು ಬರೆದದ್ದಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿರಲೇಬೇಕಲ್ಲ.

ಬೆಳಿಗ್ಗೆ ಹೆಂಡತಿ ಕೀರ್ತನಾ ತಟ್ಟೆಗೆ ಉಪ್ಪಿಟ್ಟು ಹಾಕುತ್ತ, ಶುಕ್ರವಾರ ಊಟಕ್ಕೆ ಎಷ್ಟು ಜನ ಅಂತ ಹೇಳಲಿ ಎಂದು ಕೇಳಿದ್ದಳು. ಪಿಎಚ್.ಡಿ.ಯ ಸಂದರ್ಶನ ಮುಗಿದ ಮೇಲೆ ಪರೀಕ್ಷಕರಿಗೆ ಶಾಲು ಹೊದಿಸಿ ಹಾರ ಹಾಕಿ, ಹೋಳಿಗೆ ಊಟ ಹಾಕಿಸುವುದು ಕಾಲೇಜಿನಲ್ಲಿ ನಡೆದುಬಂದ ಪದ್ಧತಿ. ಹೆಣ್ಣು ಕೊಟ್ಟ ಕಡೆಯವರು ಬೀಗರನ್ನು ನೋಡಿಕೊಂಡಂತೆ ನೋಡಿಕೊಳ್ಳಬೇಕು. ಗೇಟಿನ ನಾಮಫಲಕಕ್ಕೂ ಅವಳು ಆಗಲೇ ಹೇಳಿಬಿಟ್ಟಿದ್ದಳು. 'ನಿಮ್ಮ ಹುಡುಗ್ರೆಲ್ಲ ಡಾಕ್ಟ್ರು ಆಗಿ ನಿಮ್ಮ ಮ್ಯಾಲೇ ಸವಾರಿ ಮಾಡ್ತಾರೆ, ಇನ್ನೂ ಎಷ್ಟು ದಿನ ಹಿಂಗೆ' ಎಂದು ಅವಳು ಅಂದದ್ದರಲ್ಲಿ ಸುಳ್ಳೇನಿರಲಿಲ್ಲ. ಅವನ ಕೈಲಿ ಪಾಠ ಹೇಳಿಸಿಕೊಂಡ ಹುಡುಗನೇ ಈಗ ಅವನ ವಿಭಾಗದ ಮುಖ್ಯಸ್ಥ. ರಜಾ ಅರ್ಜಿ ಬರೆದು ಅವನ ಮೇಜಿನ ಮುಂದೆ ನಿಲ್ಲಬೇಕು. 'ಸರ್, ನೀವ್ಯಾಕೆ ಬಂದ್ರಿ, ಕಳಿಸಿದ್ರೆ ಆಗಿತ್ತು' ಎಂದು ಅವನು ಎದ್ದು ನಿಲ್ಲುತ್ತಿದ್ದ. ಅವನು ಎದ್ದು ನಿಲ್ಲುವುದೇ ಸಿದ್ದೇಶನಿಗೆ ಹೆಚ್ಚು ಉರಿಯುತ್ತಿತ್ತು. ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದಿದ್ದ. ನಿನ್ನೆ ಗೈಡು ಶಿವಮೂರ್ತಪ್ಪನವರ ಫೋನು ಬಂದಿತ್ತು. 'ಎಕ್ಸ್‌ಟರ್ನಲ್ ಪರೀಕ್ಷಕ ತಕರಾರು ತೆಗೆದಾನೆ ಮಾರಾಯಾ. ಐದು ಜನ ತಜ್ಞರ ಸಹಿ ಇರೋ ಫಾರ್ಮು ಬೇಕಂತೆ. ನಾಕಕ್ಕೆ ಸಹಿ ಐತೆ, ಐದನೇದಕ್ಕೆ ಸಹೀನೇ ಇಲ್ಲಲ್ಲೋ? ನಾಳೆ ಹೋಗಿ ಹಾಕಿಸ್ಕೊಂಡು ಬಾ, ಅದೇನು ದೊಡ್ಡ ಕೆಲಸ' ಎಂದಿದ್ದರು ಅವರು.

ಹೌದು, ದೊಡ್ಡ ಕೆಲಸವೇನಲ್ಲ. ಮೂರು ಸಹಿ. ಕಿಟಕಿಯಾಚೆ ಭತ್ತದ ಗದ್ದೆ ಕುಯ್ಲಾಗಿ ಬೋಳಾಗಿತ್ತು. ಅವನ ಸಂಶೋಧನೆಯ ವಿಷಯ 'ಫಜಿ ತೀರ್ಮಾನ'. ಆ ಫಜಿ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೀರ್ತನಾ ಮದುವೆಯಾದ ಹೊಸದರಲ್ಲಿ ಕೇಳಿದ್ದಳು. ಮಸುಕು ಅನ್ನಬಹುದು ಎಂದಿದ್ದ. ಮಸುಕಿನಲ್ಲಿ ಯಾರಾದರೂ ತೀರ್ಮಾನ ಮಾಡುತ್ತಾರಾ ಎಂದು ನಕ್ಕಿದ್ದಳು. ಆದರೆ ವಿಷಯ ಅವಳು ನಗುವಷ್ಟು ಹಗುರವಾಗಿರಲಿಲ್ಲ. ಒಂದು ಕಾರ್ಖಾನೆಯ ಯಂತ್ರಗಳು ನಿಮಿಷ ನಿಮಿಷಕ್ಕೂ ಅಂಕಿ ಕಾರುತ್ತವೆ. ಆ ಅಂಕಿಗಳ ಗುಡ್ಡವನ್ನು ಜಾಲಾಡಿ, ಯಾವುದು ಕೆಡುತ್ತದೆ, ಯಾವುದು ನಿಲ್ಲುತ್ತದೆ ಎಂದು ಮುಂಚೆಯೇ ಹೇಳುವ ತಂತ್ರಾಂಶಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಬಲ್ಲವರನ್ನು ಕೇಳಬೇಕು. ಬಲ್ಲವರು ಅಂಕಿಯಲ್ಲಿ ಮಾತಾಡುವುದಿಲ್ಲ. ಅದಕ್ಕಿಂತ ಇದು ಸ್ವಲ್ಪ ಮುಖ್ಯ ಅನ್ನುತ್ತಾರೆ, ಬಹಳ ಮುಖ್ಯ ಅನ್ನುತ್ತಾರೆ. ಆ 'ಸ್ವಲ್ಪ'ವನ್ನು ಹಿಡಿದು ಮೂರು ಎಂದು ಬರೆದುಬಿಟ್ಟರೆ ಹೇಳಿದವನಿಗೆ ಅನ್ಯಾಯ. ಆದ್ದರಿಂದ ಎರಡಕ್ಕೆ ಕಡಿಮೆಯಿಲ್ಲ, ನಾಲ್ಕಕ್ಕೆ ಹೆಚ್ಚಿಲ್ಲ, ಬಹುಶಃ ಮೂರು ಎಂದು ಮೂರು ಅಂಕಿ ಬರೆಯಬೇಕು. ಮನುಷ್ಯನ ಅನುಮಾನವನ್ನೂ ಲೆಕ್ಕದೊಳಗೆ ಕೂರಿಸಬೇಕು. ಇದನ್ನು ಮೊದಲ ಸಲ ಓದಿದಾಗ ಸಿದ್ದೇಶನ ಕಣ್ಣು ತುಂಬಿತ್ತು, ಸುಳ್ಳಲ್ಲ. ಹತ್ತಿ ಗಿರಣಿಯ ಡಾಕ್ಟರು ಅವನ ಅಪ್ಪನಿಗೆ, ಕೆಮ್ಮು ಐತೋ ಇಲ್ಲೋ, ಒಂದು ಹೇಳು ಅಂದಿದ್ದರು. ಹುಬ್ಬಿನ ಮೇಲೆ ಹತ್ತಿಯ ಧೂಳು ಹೊತ್ತ ಅಪ್ಪ, 'ಐತಿ ಅಂದ್ರೆ ಐತಿ, ಇಲ್ಲ ಅಂದ್ರೆ ಇಲ್ಲ ಸಾಹೇಬ್ರ. ಯಾವ ಪಾಳಿ ಅನ್ನೋದರ ಮ್ಯಾಲೆ' ಎಂದಿದ್ದ. ಡಾಕ್ಟರು 'ಇಲ್ಲ' ಎಂದು ಬರೆದುಕೊಂಡಿದ್ದರು. ಪಕ್ಕದಲ್ಲೇ ಅಪ್ಪನ ಬೆರಳು ಹಿಡಿದು ನಿಂತಿದ್ದ ಸಿದ್ದೇಶನಿಗೆ ಆಗ ಒಂಬತ್ತು ವರ್ಷ. 'ಐತಿ' ಮತ್ತು 'ಇಲ್ಲ'ದ ನಡುವೆ ಅಪ್ಪ ಹದಿನಾಲ್ಕು ವರ್ಷ ಕೆಮ್ಮಿ ಸತ್ತ.

ಶಿವಮೂರ್ತಪ್ಪನವರಿಗೆ ಇಂಥ ಕಣ್ಣೀರು ಇರಲಿಲ್ಲ. ಅವರಿಗೆ ಒಂದು ಜೋಕು ಇತ್ತು. ಯಾವ ಸೆಮಿನಾರಿಗೆ ಹೋಗಲಿ, ಮೈಕು ಹಿಡಿದು, 'ನಮ್ಮ ಪಕ್ಕದೂರಿನ ದೇವರನ್ನ ನೋಡ್ರಿ. ಅರ್ಧ ಹರಿ, ಅರ್ಧ ಹರ. ಸೊನ್ನೆ ಪಾಯಿಂಟ್ ಐದು, ಸೊನ್ನೆ ಪಾಯಿಂಟ್ ಐದು! ಜಗತ್ತಿನ ಮೊದಲ ಫಜಿ ದೇವರು ನಮ್ಮ ಹರಿಹರದಾಗೆ ಐದಾನೆ' ಅನ್ನುತ್ತಿದ್ದರು. ಏಳು ವರ್ಷದಲ್ಲಿ ಇಪ್ಪತ್ತು ಸಲವಾದರೂ ಸಿದ್ದೇಶ ಆ ಜೋಕಿಗೆ ಮುಂದಿನ ಸಾಲಿನಲ್ಲಿ ಕೂತು ನಕ್ಕಿದ್ದ. ಪ್ರತಿ ಸಲವೂ ಮೊದಲ ಸಲ ಕೇಳಿದವನ ಹಾಗೆ ನಗಬೇಕಿತ್ತು. ಹಾಗೆ ನಕ್ಕು ನಕ್ಕು ದವಡೆಗೆ ಅದೇ ಅಭ್ಯಾಸವಾಗಿಹೋಗಿತ್ತು. ಈಗ ಬಸ್ಸಿನಲ್ಲಿ ಒಬ್ಬನೇ ಕೂತಿದ್ದರೂ ನೆನಪಾದೊಡನೆ ತುಟಿ ತಾನಾಗಿ ಅಗಲವಾಯಿತು, ಪಕ್ಕದಲ್ಲಿದ್ದ ಮುದುಕಿ ಮುಖ ತಿರುಗಿಸಿ ಅವನನ್ನು ನೋಡಿದಳು.

ಫಾರ್ಮು ತುಂಬಿಸಿಕೊಳ್ಳಲು ಹರಿಹರದ ಕಾರ್ಖಾನೆಗೆ ಹೋಗಿದ್ದ ದಿನ ಮೀಟಿಂಗ್ ರೂಮಿನಲ್ಲಿ ತಜ್ಞರೆಂದು ಕೂತಿದ್ದವರು ನಾಲ್ವರು. ಐದನೆಯವಳು ಇನ್ನೂ ಬಂದಿರಲಿಲ್ಲ. ಯೋಜನಾ ವಿಭಾಗದ ಮ್ಯಾನೇಜರು ಅಂಜನ್ ಕುಮಾರ್ ಮೇಜಿನ ತುದಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಮೊಬೈಲು ನೋಡುತ್ತಿದ್ದ. ಸಿದ್ದೇಶ ಫಾರ್ಮುಗಳನ್ನು ಹಂಚಿದ. ಹಂಚಿದ್ದು ಹೇಗೆ? ಮೊದಲು ಹಿರಿಯರಿಗೆ. ಮನೆಯಲ್ಲಿ ಎಲೆ ಅಡಿಕೆ ಕೊಡುವಾಗ ಯಾರ ಕೈಗೆ ಮೊದಲು ಕೊಡಬೇಕೆಂದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಕೈ ತಾನಾಗಿ ಫೋರ್‌ಮನ್ ಹನುಮಂತಪ್ಪನ ಕಡೆ ಹೋಯಿತು. ಹನುಮಂತಪ್ಪ ಕನ್ನಡಕ ಏರಿಸಿ, ಫಾರ್ಮಿನ ಉದ್ದಗಲ ನೋಡಿ, ಆಮೇಲೆ ಅಂಜನ್ ಕುಮಾರನ ಮುಖ ನೋಡಿದ. ವೆಚ್ಚ ಮುಖ್ಯವೋ, ವೇಗ ಮುಖ್ಯವೋ, ಬಳಸುವವರಿಗೆ ಸುಲಭವಾಗುವುದು ಮುಖ್ಯವೋ? ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ತಲೆ ಉಳಿಸಿಕೊಂಡವನು ಇಂಥದಕ್ಕೆಲ್ಲ ಬಾಯಿ ಬಿಡುತ್ತಾನೆಯೇ? ಎಲ್ಲ ಸಾಲಿಗೂ 'ಸಮ' ಎಂಬ ಮನೆಯಲ್ಲಿ ರೈಟು ಹಾಕಿ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ. ಉಳಿದ ಮೂವರು ಅವನ ಹಾಳೆಯ ಕಡೆ ಕತ್ತು ಚಾಚಿ ನೋಡಿ ಹಾಗೇ ಹಾಕಿದರು. ಹಿರಿಯನು ಸಮ ಅಂದಮೇಲೆ ಕಿರಿಯರು ಹೆಚ್ಚು ಕಡಿಮೆ ಅನ್ನುವುದು ಸೊಕ್ಕು. ಬೇರೆ ಬೇರೆ ಕೂರಿಸಿ ಕೇಳಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಓದಿದ್ದ ಕೂಡ.

ಆಗ ಬಂದಳು ಯಶೋದಾ. ಮಾಯಕೊಂಡದ ಕಡೆಯವಳು, ದಾಖಲೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವಳು. ಪಾಳಿಯ ಕೊನೆಗೆ ಕೆಲಸಗಾರರು ರಿಜಿಸ್ಟರಿನ ಷರಾ ಕಾಲಂನಲ್ಲಿ 'ಮೂರನೇ ಲೇತು ಮಷೀನು ಮಧ್ಯಾಹ್ನದ ಮ್ಯಾಲೆ ಕೂಗ್ತೈತೆ', 'ಎಣ್ಣೆ ವಾಸನೆ ಬ್ಯಾರೆ ಐತೆ' ಎಂದೆಲ್ಲ ಗೀಚಿಟ್ಟು ಹೋಗುವುದನ್ನು ಕಂಪ್ಯೂಟರಿಗೆ ಏರಿಸುವ ಆರು ಜನರಲ್ಲಿ ಅವಳೇ ಹಿರಿಯಳು. ಕುರ್ಚಿ ಖಾಲಿಯಿಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಫಾರ್ಮು ಇಟ್ಟುಕೊಂಡು ನಿಂತೇ ಓದಿದಳು. ಓದಿ ತಲೆಯೆತ್ತಿ ಕೇಳಿದಳು: 'ಸರ್, ಈ ಮೂರರಾಗೆ ಯಾವ್ದು ಮುಖ್ಯ ಅಂತ ಕೇಳೀರಿ. ಯಾವಾಗ ಅಂತ ಕೇಳೇ ಇಲ್ವಲ್ರಿ?' ಸಿದ್ದೇಶ ತಡಬಡಿಸಿ, ಒಟ್ಟಾರೆ ಎಂದ. 'ಒಟ್ಟಾರೆ ಅಂಬೋದು ಕಾಗದದಾಗೆ ಇರ್ತೈತ್ರಿ ಸರ್, ಮಷೀನ್ ಷಾಪಿನಾಗೆ ಎಲ್ಲಿರ್ತೈತೆ? ಮಷೀನು ನಿಂತಾಗ ವೇಗ ದೊಡ್ಡದು. ಹೊಸಾ ಹುಡುಗ ಪಾಳಿಗೆ ಬಂದಾಗ ಸುಲಭ ದೊಡ್ಡದು. ವರ್ಷದ ಕೊನೀಗೆ ಎಲ್ರಿಗೂ ವೆಚ್ಚಾನೇ ದೊಡ್ಡದು. ನೀವು ಯಾವತ್ತಾರ ಲೇತಿನ ಹತ್ರ ಪೂರ್ತಿ ಒಂದು ಪಾಳಿ ನಿಂತೀರಾ?' ಅವಳು ಅದನ್ನು ತಿಳಿಯಲೆಂದೇ ಕೇಳಿದ್ದಳು. ಆದರೆ ಅಂಜನ್ ಕುಮಾರ್ ಮೊಬೈಲಿನಿಂದ ತಲೆಯೆತ್ತಿ, 'ಮೇಷ್ಟ್ರೆ, ಉತ್ರ ಹೇಳ್ರಿ' ಎಂದು ಗಹಗಹಿಸಿದ. ಅವನು ನಕ್ಕದ್ದು ಕಂಡು ಹನುಮಂತಪ್ಪ ನಕ್ಕ, ಹನುಮಂತಪ್ಪ ನಕ್ಕದ್ದು ಕಂಡು ಮೂವರೂ ನಕ್ಕರು. ಸಿದ್ದೇಶನ ಕಿವಿ ಬಿಸಿಯಾಯಿತು. ಗಿರಣಿ ಕಾರ್ಮಿಕನ ಮಗ ನಾನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಕೋಣೆಯಲ್ಲಿ ಅದನ್ನು ಹೇಳಲು ನಾಚಿಕೆಯಾಯಿತು.

ನಾಲ್ಕು ಫಾರ್ಮುಗಳ ಲೆಕ್ಕ ಹಾಕಿದಾಗ ಸುಸಂಗತತೆ, ಎಂದರೆ ಒಬ್ಬರ ಉತ್ತರಗಳು ಒಂದಕ್ಕೊಂದು ಹೊಂದುವುದು, ಪರಿಪೂರ್ಣವಾಗಿ ಬಂತು. ದೋಷ ಸೊನ್ನೆ. ಏನೂ ಹೇಳದವನ ಮಾತಿನಲ್ಲಿ ದೋಷ ಎಲ್ಲಿಂದ ಬರಬೇಕು? 'ನೋಡು, ಎಂಥಾ ಶುದ್ಧ ತಜ್ಞರು!' ಎಂದರು ಶಿವಮೂರ್ತಪ್ಪ. ಯಶೋದಾಳ ದೋಷ ಮಾತ್ರ ಪಾಯಿಂಟ್ ಮೂವತ್ತೆಂಟು. ಪಾಯಿಂಟ್ ಹತ್ತರ ಮೇಲೆ ಹೋದರೆ ಆ ಫಾರ್ಮು ಕೆಲಸಕ್ಕೆ ಬಾರದು. ವೆಚ್ಚಕ್ಕಿಂತ ಸುಲಭ ಮುಖ್ಯ ಎಂದಿದ್ದಳು, ವೇಗಕ್ಕಿಂತ ವೆಚ್ಚ ಮುಖ್ಯ ಎಂದಿದ್ದಳು, ಮತ್ತೆ ಸುಲಭಕ್ಕಿಂತ ವೇಗ ಮುಖ್ಯ ಎಂದು ಗಾಣದೆತ್ತಿನ ಹಾಗೆ ಸುತ್ತಿ ಅಲ್ಲಿಗೇ ಬಂದಿದ್ದಳು. ಐವರಲ್ಲಿ ಯೋಚನೆ ಮಾಡಿ ಬರೆದವಳು ಅವಳೊಬ್ಬಳೇ. ಲೆಕ್ಕದ ಕಣ್ಣಿಗೆ ತಪ್ಪಿತಸ್ಥೆಯೂ ಅವಳೊಬ್ಬಳೇ. 'ಹತ್ತರ ಒಳಗೆ ತಗೊಂಡು ಬಾ' ಎಂದರು ಗೈಡು, ಹೇಗೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ನಿಯಮವೇನೋ ಸ್ಪಷ್ಟವಿತ್ತು: ಫಾರ್ಮನ್ನು ಬರೆದವರ ಹತ್ತಿರ ಒಯ್ದು, ಇಲ್ಲಿ ಹೀಗಾಗಿದೆ, ಮತ್ತೆ ಯೋಚಿಸಿ ಎಂದು ಕೇಳಬೇಕು. ಹರಿಹರ ಎಷ್ಟು ದೂರ? ಮುಕ್ಕಾಲು ಗಂಟೆಯ ದಾರಿ. ಆದರೆ ಆ ಕಿಟಕಿಯ ಹತ್ತಿರ ಮತ್ತೊಮ್ಮೆ ನಿಂತು ಅವಳ ಕೈಲಿ ಮತ್ತೊಂದು ಪ್ರಶ್ನೆ ಕೇಳಿಸಿಕೊಳ್ಳುವುದೇ? ಲ್ಯಾಬಿನಲ್ಲಿ ಫ್ಯಾನು ಕಿರುಗುಡುತ್ತಿತ್ತು. ಹೊಸ ಫಾರ್ಮು ತೆಗೆದುಕೊಂಡು ಅವಳು ಹಾಕಿದ್ದ ರೈಟುಗಳನ್ನೆಲ್ಲ ಹಾಗೇ ಇಳಿಸಿದ. ಒಂದನ್ನು ಮಾತ್ರ ಎಡಗಡೆಯಿಂದ ಬಲಗಡೆಗೆ ದಾಟಿಸಿದ. ಸುತ್ತು ಕಡಿಯಲು ಎಲ್ಲಿ ಕಡಿದರೂ ಆಗುತ್ತಿತ್ತು. ಒಂದು ಕಡೆ ಕಡಿದರೆ 'ಸುಲಭ' ಮೊದಲನೆಯ ಸ್ಥಾನಕ್ಕೆ ಹೋಗುತ್ತಿತ್ತು. ಅವನು ಕಡಿದ ಕಡೆಯಲ್ಲಿ ಅದು ಕಟ್ಟಕಡೆಗೆ ಹೋಯಿತು. ಯಾಕೆ ಅಲ್ಲೇ ಕಡಿದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ. ಉತ್ತರ ಗೊತ್ತಿತ್ತು: ಪೆನ್ನು ಒತ್ತಿದಾಗ ನಾಲಿಗೆಯ ಮೇಲೆ ಒಂದು ಸಣ್ಣ ಸಿಹಿ ಬಂದಿತ್ತು. ನಿಂತೀರಾ ಲೇತಿನ ಹತ್ರ? ನಿಂತಿಲ್ಲಮ್ಮ, ಇಗೋ ನೋಡು. ಅವಳ ಕೈಬರಹದ ಹಾಳೆಗಳು ಹಳೆಯ ಪೇಪರುಗಳ ಜೊತೆ ರದ್ದಿಗೆ ಹೋದವು.

ನಾಲ್ವರೂ ಸಮ ಎಂದಿದ್ದರಿಂದ ತಕ್ಕಡಿ ಎತ್ತಲೂ ವಾಲದೆ ನಿಂತಿತ್ತು. ಒಂದು ಫಾರ್ಮು ಅದನ್ನು ವಾಲಿಸಿತು. ಷರಾ ಕಾಲಂನ ಕನ್ನಡವನ್ನೂ ಓದಬಲ್ಲ, ಬಳಸುವವರಿಗೆ ಸುಲಭವಾದ, ಕೊಂಚ ನಿಧಾನದ ಮೂರನೆಯ ತಂತ್ರಾಂಶ ಕೂದಲೆಳೆಯಲ್ಲಿ ಸೋತು, ಬರೀ ಅಂಕಿ ತಿನ್ನುವ, ಅಗ್ಗದ ಎರಡನೆಯದು ಗೆದ್ದಿತು. ಪ್ರಬಂಧ ಅಚ್ಚಾಯಿತು. ಕಾರ್ಖಾನೆಯವರು ಆ ಎರಡನೆಯದನ್ನೇ ಕೊಂಡರು. ನಿನ್ನೆಯವರೆಗೂ ಸಿದ್ದೇಶ ತನ್ನನ್ನು ಸಮಾಧಾನ ಮಾಡಿಕೊಂಡಿದ್ದ: ಅವರು ಮೊದಲೇ ನಿಶ್ಚಯ ಮಾಡಿರುತ್ತಾರೆ, ಲಗ್ನವಾದ ಮೇಲೆ ಜಾತಕ ನೋಡಿದ ಹಾಗೆ ನನ್ನದು. ಆದರೆ ನಿನ್ನೆ ಫೋನಿನಲ್ಲಿ ಅಂಜನ್ ಕುಮಾರ್ ಬಹಳ ಹುರುಪಿನಲ್ಲಿ ಹೇಳಿದ: 'ಇಲ್ಲ ಮೇಷ್ಟ್ರೆ, ನನಗೂ ಮೂರನೇದರ ಮ್ಯಾಲೇ ಮನಸ್ಸಿತ್ತು. ನಿಮ್ಮ ರಿಪೋರ್ಟು ನೋಡಿ ಬದಲಾಯಿಸಿದ್ವಿ. ಷರಾ ಓದೋರೇ ಬ್ಯಾಡ ಅಂತಾದ ಮ್ಯಾಲೆ ದಾಖಲೆ ವಿಭಾಗ ಯಾಕೆ? ಮುಚ್ಚಿದ್ವಿ. ಯಶೋದಮ್ಮ ಈಗ ಪ್ಯಾಕಿಂಗ್‌ನಾಗೆ ಐದಾರೆ. ಮಾಬೂಬೀ ಅಂತ ಒಬ್ಬಾಕಿ ಕಾಂಟ್ರಾಕ್ಟ್‌ನಾಕಿ ಇದ್ಲು, ಆಕೀನ ಬಿಟ್ವಿ. ಬರ್ರಿ, ಬರ್ರಿ.' ನನಗೂ ಮೂರನೇದರ ಮೇಲೇ ಮನಸ್ಸಿತ್ತು. ಆ ಮಾತು ಕೇಳಿದ ಮೇಲೆ ಜಾತಕದ ಸಮಾಧಾನವೂ ಹೋಯಿತು.

ಗೇಟಿನಲ್ಲಿ ಹೆಸರು ಬರೆಸಿ, ಎದೆಗೆ 'ವಿಸಿಟರ್' ಬಿಲ್ಲೆ ಸಿಕ್ಕಿಸಿಕೊಂಡು ಪ್ಯಾಕಿಂಗ್ ಶೆಡ್ಡಿಗೆ ಹೋಗುವಾಗ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿದ. ಹೇಳಿದರೆ ಏನಾಗುತ್ತದೆ? ಡಿಗ್ರಿ ಹೋಗುತ್ತದೆ. ಹೋಗಲಿ. ಹತ್ತು ಹೆಜ್ಜೆಗೆ, ಹೇಳಿದರೆ ಅವಳಿಗೇನು ಲಾಭ, ಮುಚ್ಚಿದ ವಿಭಾಗ ತೆರೆಯುತ್ತದೆಯೇ ಎಂದು ಬುದ್ಧಿ ಲೆಕ್ಕ ಹಾಕತೊಡಗಿತು. ಮತ್ತೆ ಹತ್ತು ಹೆಜ್ಜೆಗೆ, ಅವಳೇ ಕಂಡುಹಿಡಿದರೆ ಒಪ್ಪಿಕೊಳ್ಳುತ್ತೇನೆ, ಕಂಡುಹಿಡಿಯದಿದ್ದರೆ ಸುಮ್ಮನಿರುತ್ತೇನೆ ಎಂಬಲ್ಲಿಗೆ ಬಂದು ನಿಂತ. ತೀರ್ಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ಅವನು ಏಳು ವರ್ಷ ಪಳಗಿದ್ದ.

ರಟ್ಟಿನ ಪೆಟ್ಟಿಗೆಗಳ ಸಾಲಿನ ನಡುವೆ ಯಶೋದಾ ನಿಂತಿದ್ದಳು. ಕೂರಲು ಅಲ್ಲಿ ಏನೂ ಇರಲಿಲ್ಲ. ಎಡ ಮೊಣಕಾಲಿಗೆ ಸೀರೆಯ ಮೇಲೇ ಪಟ್ಟಿ ಬಿಗಿದಿದ್ದಳು. ಇವನನ್ನು ಕಂಡು ಅವಳ ಮುಖ ಬಿಳುಚಿತು.

'ಬರ್ರಿ ಸರ್' ಎಂದಳು. 'ಸಾಹೇಬ್ರು ಹೇಳಿದ್ರು, ಬರ್ತಾರೆ ಅಂತ. ಕೂಡ್ರಿ ಅನ್ನಾಕ ಇಲ್ಲೇನೂ ಇಲ್ಲ.'

'ಇರಲಿ ಬಿಡ್ರಿ. ಒಂದು ಮೂರು ಸಹಿ ಬೇಕಿತ್ತು. ಹಳೇ ಫಾರ್ಮಿಗೆ' ಎಂದು ಹಾಳೆಗಳನ್ನು ಒಂದು ಪೆಟ್ಟಿಗೆಯ ಮೇಲೆ ಹರಡಿದ. 'ಹರಿದಿತ್ತು, ಅದಕ್ಕೇ ಬೇರೇದಕ್ಕೆ ಇಳಿಸಿದೀನಿ.'

ಅವಳು ಸಹಿ ಹಾಕಲಿಲ್ಲ. ಮೊದಲನೆಯ ಹಾಳೆಯ ಸಾಲುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು. ಬೆರಳಿಗೆ ಟೇಪಿನ ಅಂಟು ಹತ್ತಿತ್ತು. ಎರಡನೆಯ ಹಾಳೆ ತಿರುವಿದಳು. ಬೆರಳು ಅವನು ರೈಟು ದಾಟಿಸಿದ ಸಾಲಿಗೆ ಬಂದು ನಿಂತಿತು.

'ಇದೇ ಅಲ್ವೇನ್ರಿ ಸರ್?' ಎಂದಳು.

'ಏನು?' ಎಂದ ಅವನು.

'ನಾನು ತಪ್ಪಿದ್ದು. ಇಲ್ಲೇ.' ಅವಳು ತಲೆ ಎತ್ತಲಿಲ್ಲ. 'ಸಾಹೇಬ್ರು ರಿಪೋರ್ಟು ಬಂದಾಗ್ಲೇ ಕರೆದು ಹೇಳಿದ್ರು, ನಿಮ್ಮ ಫಾರ್ಮೇ ಯಶೋದಮ್ಮ ಆ ಎರಡನೇದನ್ನ ಗೆಲ್ಸಿದ್ದು ಅಂತ. ನಾನು ಹಂಗೆ ಬರೆದಿಲ್ಲ ಅಂತ ವಾದ ಮಾಡ್ದೆ ನೋಡ್ರಿ. ಮನೀಗೆ ಹೋಗಿ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಆವತ್ತು ಕಿಟಕಿ ಕಟ್ಟೀ ಮ್ಯಾಲೆ ಇಟ್ಟು ಬರೆದಿದ್ನಲ್ಲ, ನಿಂತ್ಕಂಡು. ಎಡಕ್ಕೆ ಹಾಕೋದು ಬಲಕ್ಕೆ ಬಿದ್ದೈತೆ. ಹತ್ತೊಂಬತ್ತು ವರ್ಷ ಬ್ಯಾರೇರು ಬರೆದಿದ್ದು ತಪ್ಪಿಲ್ದೆ ಏರಿಸಿದಾಕಿ, ನನ್ನದೇ ನನಗೆ ಬರೆಯಾಕ ಬರ್ಲಿಲ್ಲ.'

ಈಗ ಹೇಳಬೇಕು. ಈಗ. ಶೆಡ್ಡಿನ ಆ ತುದಿಯಲ್ಲಿ ಯಾರೋ ಟೇಪು ಎಳೆದು ಹರಿದ ಸದ್ದು ಬಂತು. 'ಮೇಡಂ' ಎಂದ ಸಿದ್ದೇಶ. ಆದರೆ ಅವನ ಬಾಯಿಂದ ಬಂದ ಮುಂದಿನ ಮಾತು ಇದು: 'ಆಗ್ತೈತಮ್ಮ. ಎಲ್ಲರಿಗೂ ಆಗುತ್ತೆ.'

ಅವಳು ಸೆರಗಿನಿಂದ ಬೆರಳಿನ ಅಂಟು ಒರೆಸಿಕೊಂಡು ಪೆನ್ನು ಈಸಿಕೊಂಡಳು. ಮೊದಲನೆಯ ಹಾಳೆಗೆ ಸಹಿ ಹಾಕಿದಳು, ಎರಡನೆಯದಕ್ಕೆ ಹಾಕಿದಳು. ಮೂರನೆಯದರ ಮೇಲೆ ಪೆನ್ನು ಇಟ್ಟು ನಿಂತಳು.

'ಸರ್, ಇದು ಪುಸ್ತಕ ಆಗ್ತೈತಂತೆ. ಯಾರಾರ ಓದ್ತಾರಾ ಇದನ್ನ?'

'ಯಾರೂ ಓದಲ್ಲ' ಎಂದ. ಬೆಳಿಗ್ಗೆಯಿಂದ ಅವನು ಆಡಿದ ಒಂದೇ ಒಂದು ನಿಜ ಅದಾಗಿತ್ತು.

'ಮಾಬೂಬೀ ಅಂತ, ನನ್ನ ಪಕ್ಕದ ಕುರ್ಚಿನಾಕಿ. ಹನ್ನೊಂದು ವರ್ಷ ಬುತ್ತಿ ಹಂಚ್ಕಂಡು ಉಂಡೀವಿ. ಆಕಿಗೆ ಈಗ ಕೆಲಸ ಇಲ್ಲ. ಯಾವ ಮುಂಡೇಗಂಡ ಬರೆದ್ನೋ, ಅವನ ಕೈ ಸೇದಿಹೋಗ ಅಂತ ನಮ್ಮ ಮನೀಗೇ ಬಂದು, ನನ್ನ ಮುಂದೇನೇ ಕುಂತು ಬೈತಾಳೆ. ನಾನು ಚಾ ಕಾಸಿ ಕೊಡ್ತೀನಿ.' ಅವಳು ಪೆನ್ನನ್ನು ಹಾಳೆಯಿಂದ ಎತ್ತಿದಳು. 'ಬರೆದಾಕಿ ನಾನು ಅಂತ ಆಕಿಗೆ ಗೊತ್ತಾಗಬಾರ್ದು ಸರ್. ನಿಮಗೆ ಕೈ ಮುಗೀತೀನಿ. ಯಾರಿಗೂ ಹೇಳಬ್ಯಾಡ್ರಿ.'

ಅವಳು ನಿಜವಾಗಿಯೂ ಕೈ ಮುಗಿದಳು. ಬೆರಳುಗಳ ನಡುವೆ ಅವನದೇ ಪೆನ್ನು ಇತ್ತು. ಸಿದ್ದೇಶ ಆ ಪೆನ್ನನ್ನು ನೋಡಿದ, ಮೂರನೆಯ ಹಾಳೆಯ ಖಾಲಿ ಗೆರೆಯನ್ನು ನೋಡಿದ.

'ಹೇಳಲ್ಲ ಬಿಡಮ್ಮ' ಎಂದ. 'ನನ್ನಲ್ಲೇ ಇರುತ್ತೆ.'

ಹೇಳುವಾಗ ದನಿಯಲ್ಲಿ ಎಂಥದೋ ಮರುಕ ತಾನಾಗಿ ಬಂದು ಕೂತಿತು. ಒಂದು ಕ್ಷಣ ತಾನು ಔದಾರ್ಯವಂತನೆಂದು ಅವನಿಗೇ ಅನ್ನಿಸಿಬಿಟ್ಟಿತು, ಅನ್ನಿಸಿದ್ದಕ್ಕೆ ಹೇಸಿಗೆಯೂ ಆಯಿತು. ಯಶೋದಾ ಕಣ್ಣೊರೆಸಿಕೊಂಡು ಮೂರನೆಯ ಹಾಳೆಗೆ ಸಹಿ ಹಾಕಿ, ಹಾಳೆಗಳನ್ನು ಒಂದರ ಮೇಲೊಂದು ನೀಟಾಗಿ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು.

'ದೊಡ್ಡ ಮನಸ್ಸು ಸರ್ ನಿಮ್ದು' ಎಂದಳು.